ಲಗ್ನದ ಕಾರ್ಡಿನ ಬೆನ್ನ ಮೇಲಿನ ಮನೆಗಳು

ಸಿಂಧನೂರಿನಲ್ಲಿ ಮದುವೆಗಳೇನೋ ಜೋರಾಗಿಯೇ ನಡೆಯುತ್ತವೆ. ಆದರೆ ಮದುವೆ ಮುಗಿದು, ಬೀಗರು ಊರು ಸೇರಿ, ಬಾಡಿಗೆ ಪಾತ್ರೆಗಳು ವಾಪಸ್ ಹೋದ ಮೇಲೆ ಒಂದು ಪೀಕಲಾಟ ಉಳಿಯುತ್ತದೆ. ಹಂಚಿ ಮಿಕ್ಕ ಕಾರ್ಡುಗಳನ್ನು ಏನು ಮಾಡುವುದು? ಮೇಲೆ ದೇವರ ಚಿತ್ರ, ಒಲೆಗೆ ಹಾಕುವಂತಿಲ್ಲ. ಒಳಗೆ ಮದುಮಕ್ಕಳ ಹೆಸರು, ತಿಪ್ಪೆಗೆ ಎಸೆಯುವಂತಿಲ್ಲ. ಆಗ ಮನೆಯ ಹಿರಿಯರು ಯಾರಾದರೂ ಹೇಳುತ್ತಾರೆ: “ಕಸ್ತೂರೆಮ್ಮ ಟೀಚರಿಗೆ ಕೊಟ್ಟು ಬರ್ರಿ.”

ಕಸ್ತೂರೆಮ್ಮ ಕಾರ್ಡನ್ನು ಮೊದಲು ಓದುವುದಿಲ್ಲ. ಎರಡು ಬೆರಳಿನ ನಡುವೆ ಹಿಚುಕಿ ನೋಡುತ್ತಾಳೆ. ದಪ್ಪಗಿದ್ದರೆ ಮುಖ ಅರಳುತ್ತದೆ. ತೆಳ್ಳಗಿದ್ದರೆ ತಂದವರ ಕಥೆ ಮುಗಿಯಿತು. “ಏನ್ರಿ ಕರಿಬಸಯ್ಯ, ಊರಿಗೆಲ್ಲ ಹೋಳಿಗಿ ಹಾಕೀರಿ, ಕಾರ್ಡ್ ನೋಡಿದ್ರ ಹಪ್ಪಳ ಆಗೇತಲ್ರಿ!” ಎಂದು ಬೀದಿಗೆ ಕೇಳುವಂತೆ ಅಂದುಬಿಟ್ಟಿದ್ದಳು ಒಮ್ಮೆ. ಪಾಪ, ಕರಿಬಸಯ್ಯ ಎರಡನೇ ಮಗಳ ಮದುವೆಗೆ ರಟ್ಟಿನಂಥ ಕಾರ್ಡು ಹೊಡೆಸಿದ.

ಎಪ್ಪತ್ತೆರಡು ವರ್ಷದ ಈ ಟೀಚರಮ್ಮನಿಗೆ ಕಾರ್ಡು ಬೇಕಾಗಿರುವುದು ಮಕ್ಕಳ ಪುಸ್ತಕಕ್ಕೆ. ಅಚ್ಚಾದ ಬದಿಗಳನ್ನು ಒಂದಕ್ಕೊಂದು ಮೈದಾ ಅಂಟು ಹಚ್ಚಿ ಕೂಡಿಸುತ್ತಾಳೆ. ಆಗ ಹಿಂದು ಮುಂದು ಎರಡೂ ಕಡೆ ಖಾಲಿ ಇರುವ ಗಟ್ಟಿ ಹಾಳೆಯಾಗುತ್ತದೆ. ಅದರ ಮೇಲೆ ಬಣ್ಣದ ಚಿತ್ರ ಬರೆದು, ಕೆಳಗೆ ಎರಡು ಸಾಲು ಬರೆಯುತ್ತಾಳೆ. ಪಕ್ಕದ ಮನೆಯ ಮಾಬುಬೀ, ಊರ ಹೆಣ್ಣುಮಕ್ಕಳ ಜಂಪರ್ ಹೊಲಿದು ಹೆಸರಾದವಳು, ದಬ್ಬಣ ತಗೊಂಡು ಹಾಳೆಗಳನ್ನು ಹೊಲಿದು ಕೊಡುತ್ತಾಳೆ. ಹೀಗಾಗಿ ಈ ಪುಸ್ತಕದ ಪ್ರತಿ ಹಾಳೆಯ ಹೊಟ್ಟೆಯಲ್ಲೂ ಯಾರದೋ ಒಂದು ಮದುವೆ ಇರುತ್ತದೆ.

ಇದೆಲ್ಲ ಶುರುವಾದದ್ದು ಗುರುಗುಂಟಾದ ಸಾಲೆಯಲ್ಲಿ. ಕಸ್ತೂರೆಮ್ಮ ಅಲ್ಲಿ ಇಪ್ಪತ್ತು ವರ್ಷ ಕಲಿಸಿದಳು. ಸಾಲೆಯ ಪೆಟ್ಟಿಗೆಯಲ್ಲಿ ದೂರದೇಶದ ಮಕ್ಕಳ ಬಗ್ಗೆ ಬಣ್ಣದ ಪುಸ್ತಕಗಳಿದ್ದವು. ಬರ್ಫದ, ಹಿಮಗಡ್ಡೆಯ ಮನೆಯಲ್ಲಿರುವ ಮಕ್ಕಳು, ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬೆಳೆಯುವ ಮಕ್ಕಳು. ಹುಡುಗರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮಳೆಗಾಲದಲ್ಲಷ್ಟೇ ಸಾಲೆಗೆ ಬಂದು, ಆಮೇಲೆ ಕುರಿ ಹಿಂದೆ ಹೊರಟುಹೋಗುತ್ತಿದ್ದ ಒಬ್ಬ ಕುರಿಗಾರರ ಹುಡುಗಿ ಒಂದು ದಿನ ಕೇಳಿಯೇಬಿಟ್ಟಳು. “ಟೀಚರ, ಬರ್ಫದ ಮನ್ಯಾಗ ಇರೋರ್ದು ಪುಸ್ತಕ ಐತಿ. ನಮ್ಮಂಗ ಮನೀನ ಇಲ್ಲದೋರ್ದು ಇಲ್ಲೇನ್ರಿ?”

ಕಸ್ತೂರೆಮ್ಮನಿಗೆ ಆ ರಾತ್ರಿ ಉಂಡದ್ದು ಮೈಗೆ ಹತ್ತಲಿಲ್ಲ. ಆ ವಾರವೇ ಕುರಿ ತಂಗಿದ್ದ ಹೊಲಕ್ಕೆ ಹೋಗಿ ದಿನವಿಡೀ ಕೂತಳು, ನೋಡಿದಳು, ಬರೆದಳು. “ಇವರ ಮನಿಗೆ ಗೋಡಿ ಇಲ್ಲ. ಅದಕ್ಕ ಮೂರು ನಾಯಿ ಅದಾವ” ಎಂದು ಶುರುವಾದ ಆ ಪುಸ್ತಕವನ್ನು ಹುಡುಗಿ ಎದೆಗವಚಿಕೊಂಡು ಕುರಿ ಹಿಂದೆ ಹೋದಳು. ಆಮೇಲೆ ಲಿಂಗಸುಗೂರು ಕಡೆಯ ತಾಂಡಾದ ಮನೆ, ಮಸ್ಕಿ ಸಂತೆಗೆ ಬರುವ ಬಳೆಗಾರರ ಮನೆ, ನಿವೃತ್ತಿಯಾಗಿ ಸಿಂಧನೂರಿಗೆ ಬಂದ ಮೇಲೆ ಪಕ್ಕದ ಮಾಬುಬೀ ಮನೆ, ಹೀಗೆ ಹನ್ನೊಂದು ಪುಸ್ತಕಗಳಾದವು. ಭಾನುವಾರ ಬಂತೆಂದರೆ ಓಣಿಯ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲಿ. ಅವಳದು ಒಂದೇ ಕಟ್ಟಪ್ಪಣೆ: “ಕಣ್ಣಿಲೆ ನೋಡದ ಮನಿ ಬರಿಯಂಗಿಲ್ಲ.”

ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಒಂದು ಗುಟ್ಟು ಹೇಳಬೇಕು. ಈ ಹನ್ನೊಂದು ಮನೆಗಳನ್ನೂ ಕಸ್ತೂರೆಮ್ಮ ನೋಡಿದ್ದು ಹೊಸ್ತಿಲಿನ ಆಚೆ ಕೂತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮಾಂಸ ಬೇಯುವ ಮನೆಯಲ್ಲಿ ಅವಳವ್ವ ನೀರು ಮುಟ್ಟಲಿಲ್ಲ, ಇವಳೂ ಮುಟ್ಟಲಿಲ್ಲ. ಬೆಳಗಾದರೆ ವಚನ ಹೇಳುವ ಬಾಯಿ, ಎಲ್ಲರನ್ನೂ ಅವ್ವ ಅಪ್ಪ ಎಂದು ಕರೆಯುವ ಬಾಯಿ, ಆದರೆ ಈ ಒಂದು ವಿಷಯದಲ್ಲಿ ಮಾತ್ರ ಅವ್ವ ಹಾಕಿದ ಗೆರೆ ಗೆರೆಯೇ. ಹನ್ನೆರಡು ವರ್ಷದಿಂದ ನೆರೆಯವಳಾದ ಮಾಬುಬೀಗೆ ಇದು ಗೊತ್ತು. ತನ್ನ ಮನೆಯಲ್ಲಿ ಚಹಾ ಕುಡಿಯಿರಿ ಎಂದು ಅವಳು ಕರೆದದ್ದೂ ಇಲ್ಲ. ಅವಳೇ ಇಲ್ಲಿಗೆ ಬಂದಾಗ ಕಸ್ತೂರೆಮ್ಮ ಅಡುಗೆಮನೆ ಕಿಟಕಿಯ ಮೇಲೆ ಬೇರೆಯಾಗಿಟ್ಟ ಒಂದು ಸ್ಟೀಲ್ ಲೋಟದಲ್ಲಿ ಚಹಾ ಹಾಕಿ ಕೊಡುತ್ತಾಳೆ. ಕುಡಿದು, ತಾನೇ ತೊಳೆದು, ಮತ್ತೆ ಅಲ್ಲೇ ಇಟ್ಟು ಮಾಬುಬೀ ಹೋಗುತ್ತಾಳೆ. ಇಬ್ಬರೂ ಇದರ ಬಗ್ಗೆ ಯಾವತ್ತೂ ತುಟಿ ಬಿಚ್ಚಿಲ್ಲ.

ಈ ಪಡಸಾಲೆಗೆ ಮೌಸುಮಿ ಬಂದು ಸೇರಿದ್ದು ಹೋದ ವರ್ಷ. ಒಂಬತ್ತು ವರ್ಷದ ಬಂಗಾಲಿ ಹುಡುಗಿ. ಗಡಿ ದಾಟಿ ಬಂದ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ ಮನೆ, ಸಿಂಧನೂರಿನಲ್ಲಿ ಸಾಲೆ. ತಾಯಿ ಇಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸಾಲೆ ಬಿಟ್ಟ ಮೇಲೆ ತಾಯಿಯ ಕೆಲಸ ಮುಗಿಯುವ ತನಕ ಒಂದೂವರೆ ತಾಸು ಹುಡುಗಿ ಎಲ್ಲಿರಬೇಕು? “ಇಲ್ಲೇ ಇರಲೇಳವ್ವ, ಪುಸ್ತಕ ಓದಕೋತ” ಎಂದಳು ಕಸ್ತೂರೆಮ್ಮ. ಅವತ್ತಿನಿಂದ ಸಾಲೆ ಬಿಟ್ಟರೆ ಸೀದಾ ಇಲ್ಲಿಗೆ. ಬಂದ ಕೂಡಲೇ “ಅಜ್ಜೀ, ನೀರು!” ಕಿಟಕಿ ಮೇಲಿನ ಆ ಲೋಟದಲ್ಲಿ ಗಟಗಟ ನೀರು ಕುಡಿದು, ಕಾಲು ಚಾಚಿ ಕೂತು, ಓದು.

ಮಕ್ಕಳಿಲ್ಲದ ಕಸ್ತೂರೆಮ್ಮ ಈ ಹುಡುಗಿಯನ್ನು ಹೇಗೆ ಹಚ್ಚಿಕೊಂಡಳೆಂದರೆ, ನಾಲ್ಕೂವರೆಯಾದರೆ ಅವಳ ಕಿವಿ ಬಾಗಿಲಿಗೆ ಅಂಟಿರುತ್ತಿತ್ತು. ಹನ್ನೊಂದು ಪುಸ್ತಕವನ್ನೂ ಮೌಸುಮಿ ಮೂರು ಸಲ ಓದಿ ಮುಗಿಸಿದಳು. ಮುಗಿಸಿ ಒಂದೇ ಹಟ ಹಿಡಿದಳು.

“ಅಜ್ಜಿ, ನಮ್ಮ ಮನಿ ಪುಸ್ತಕ ಯಾವಾಗ ಬರೀತಿ?”

“ಬರಿಯೂಣಂತ.”

“ನಮ್ಮ ಮನಿಗೆ ಯಾವಾಗ ಬರ್ತಿ?”

“ಬರೂಣಂತ ತಗೋ, ಗಂಟು ಬಿದ್ದೀಯಲ್ಲ!”

ಬರುವ ಮನಸ್ಸಿರಲಿಲ್ಲ. ಕ್ಯಾಂಪಿನ ಮನೆಯೆಂದರೆ ಮೀನು. ಅಂಗಳದಲ್ಲೇ ಕೊಯ್ಯುತ್ತಾರಂತೆ, ಹೊಸ್ತಿಲಾಚೆ ಕೂತರೂ ವಾಸನೆ ಬಿಡುವುದಿಲ್ಲವಂತೆ. ಮೇಲಾಗಿ ತರಗತಿಯಲ್ಲಿ ಕೆಲವು ಪೋರಿಯರು ಮೌಸುಮಿಯನ್ನು ಕಂಡರೆ ಮೂಗು ಮುಚ್ಚಿಕೊಂಡು ನಗುತ್ತಾರೆಂಬುದು ಕಸ್ತೂರೆಮ್ಮನಿಗೆ ಗೊತ್ತಿತ್ತು. ಕಡೆಗೆ ಒಂದು ಉಪಾಯ ಮಾಡಿದಳು. ಹೋಗುವುದು ಬೇಡ, ಹುಡುಗಿಯ ಬಾಯಿಂದಲೇ ಕೇಳಿ ಬರೆದರಾಯಿತು. ತಾನೇ ಹಾಕಿದ ಕಟ್ಟಪ್ಪಣೆಯನ್ನು ತಾನೇ ಮುರಿದಳು.

ಪುಸ್ತಕವೇನೋ ಚೆಂದವಾಯಿತು. ಹಸಿರು ಭತ್ತದ ಗದ್ದೆ, ತುಳಸಿಕಟ್ಟೆ, ಅಕ್ಕಿ ಹಿಟ್ಟು ಕಲಸಿ ಬೆರಳಲ್ಲಿ ಬರೆದ ಬಿಳಿ ರಂಗೋಲಿ, ಹುಡುಗಿಯ ಅಜ್ಜಿಯ ಕೈಯಲ್ಲಿ ಶಂಖದ ಬಿಳಿ ಬಳೆ. ಅಡುಗೆಮನೆಯ ಪುಟದಲ್ಲಿ ಅನ್ನ, ಬೇಳೆ, ಕುಂಬಳಕಾಯಿ, ಸೊಪ್ಪು. ಮೀನು ಇರಲಿಲ್ಲ. ಬೇಕೆಂದೇ ಬಿಟ್ಟಿದ್ದಳು. ಯಾಕೆ ಸುಮ್ಮನೆ ಪೋರಿಯರ ಬಾಯಿಗೆ ಹುಡುಗಿಯನ್ನು ಕೊಡುವುದು ಎಂದು, ಉಪಕಾರ ಮಾಡಿದೆನೆಂದೇ ನಂಬಿದ್ದಳು.

ಭಾನುವಾರ ತಾಯಿ ಜೊತೆ ಎರಡು ಜಡೆ ಹಾಕಿಕೊಂಡು, ಹಬ್ಬದ ಲಂಗ ತೊಟ್ಟು ಮೌಸುಮಿ ಬಂದಳು. ಮಕ್ಕಳೆಲ್ಲ ಸುತ್ತ ನೆರೆದರು. ಒಂದೊಂದೇ ಪುಟ ತಿರುಗಿಸಿ “ಇದು ನಮ್ಮ ಗದ್ದಿ! ಇದು ನಮ್ಮ ಠಾಕುಮಾ!” ಎಂದು ತನ್ನ ಅಜ್ಜಿಯ ಚಿತ್ರಕ್ಕೆ ಮುತ್ತಿಕ್ಕಿದಳು. ಅಡುಗೆಮನೆಯ ಪುಟಕ್ಕೆ ಬಂದು ನಿಂತಳು. ಹಾಳೆ ತಿರುವಿ ಹಿಂದೆ ನೋಡಿದಳು, ಮುಂದೆ ನೋಡಿದಳು.

“ಅಜ್ಜಿ, ಮೀನು ಎಲ್ಲಿ?”

“ಅದ್ಯಾಕ ಬೇಕವ್ವ? ಇಷ್ಟೆಲ್ಲ ಐತೆಲ್ಲ, ನೋಡು.”

“ಠಾಕುಮಾ ದಿನಾ ಮೀನು ಮಾಡ್ತಾಳ. ನಾ ನಿನಗ ಹೇಳಿದ್ದೆ.”

“ಹೇಳಿದ್ದಿ, ಖರೆ. ಆದ್ರ...”

ಮೌಸುಮಿ ಪುಸ್ತಕ ಮುಚ್ಚಿ ಚಾಪೆಯ ಮೇಲೆ ಮೆಲ್ಲಗೆ ಇಟ್ಟಳು. ಎಸೆದಿದ್ದರೆ ಕಸ್ತೂರೆಮ್ಮ ಗದರಿಸಿ ಮುಗಿಸುತ್ತಿದ್ದಳು. ಇಟ್ಟಳು, ಅದಕ್ಕೇ ಎದೆಗೆ ಬಡಿಯಿತು. “ಇದು ನಮ್ಮ ಮನಿ ಅಲ್ಲ” ಎಂದು ತಾಯಿಯ ಕೈ ಹಿಡಿದು ಹೊರಟುಹೋದಳು.

ಸೋಮವಾರ ನಾಲ್ಕೂವರೆಯಾಯಿತು, ಐದಾಯಿತು, ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಕಸ್ತೂರೆಮ್ಮ ತಡೆಯಲಾರದೆ ಬಟ್ಟೆ ಅಂಗಡಿಯ ತನಕ ಹೋದಳು. ರಸ್ತೆಯ ಆಚೆ ನಿಂತು ನೋಡುತ್ತಾಳೆ, ಅಂಗಡಿಯ ಮೆಟ್ಟಿಲ ಮೇಲೆ, ಗಿರಾಕಿಗಳು ಬಿಟ್ಟ ಚಪ್ಪಲಿಗಳ ನಡುವೆ, ಮೌಸುಮಿ ಮೊಳಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದಾಳೆ. ಕರೆಯಲಿಲ್ಲ. ವಾಪಸ್ ಬಂದು ಮಾಬುಬೀ ಮನೆಯ ಹೊಸ್ತಿಲಾಚೆ ಕೂತು ಗೊಳೋ ಎಂದಳು.

“ನಾ ಏನ್ ಕೆಟ್ಟದ್ದು ಮಾಡೀನಿ ಹೇಳ್ ಮಾಬು? ಆ ಕೂಸಿಗೆ ಯಾರೂ ನಗಬಾರ್ದಂತ ಬಿಟ್ಟೆ.”

ಮಾಬುಬೀ ಹೊಲಿಗೆ ಯಂತ್ರ ನಿಲ್ಲಿಸಿದಳು. “ಅಕ್ಕಾರ, ನಮ್ಮ ಮನಿ ಪುಸ್ತಕದಾಗ ರಂಜಾನ್ ಹಬ್ಬದ ದಿನ ನಮ್ಮ ಒಲಿ ಮ್ಯಾಲ ಏನು ಇಟ್ಟೀರಿ?”

ಕಸ್ತೂರೆಮ್ಮ ನೆನಪು ಮಾಡಿಕೊಂಡಳು. “ಬದನೀಕಾಯಿ.”

“ಹಬ್ಬದ ದಿನ ಬದನೀಕಾಯಿ! ಯಾ ಅಲ್ಲಾ, ನನ್ನ ಮಗ ಇಶ್ತಿಯಾಕ್ ನಕ್ಕೋತ ಉಳ್ಳಾಡಿದ್ದ. ನಾನೂ ನಕ್ಕು ಸುಮ್ಮನಾದೆ. ದೊಡ್ಡಾಕಿ ನಾನು, ಸುಮ್ಮನಿರಾಕ ಬರ್ತೈತಿ. ಆಕಿ ಕೂಸು ಅಕ್ಕಾರ, ಆಕೀಗೆ ಬರಂಗಿಲ್ಲ.”

ಕಸ್ತೂರೆಮ್ಮನ ಮುಖ ಕೆಂಪಾಯಿತು. ಹನ್ನೊಂದು ಪುಸ್ತಕದ ಒಲೆಗಳೆಲ್ಲ ಕಣ್ಣ ಮುಂದೆ ಬಂದವು. ಎಲ್ಲ ಒಲೆಯ ಮೇಲೂ ತನ್ನ ಮನೆಯ ಅಡುಗೆಯೇ. ಊರಿಗೆಲ್ಲ ಬೇರೆ ಬೇರೆ ಮನೆ ತೋರಿಸುತ್ತೇನೆಂದು ಹೊರಟವಳು ಒಳಗೆ ಕೂಡಿಸಿದ್ದು ತನ್ನನ್ನೇ. ಎದ್ದು ನಿಂತಳು. “ನಾಳಿಗೆ ಸಾಲಿ ಸೂಟಿ ಐತಿ. ಕ್ಯಾಂಪಿಗೆ ಹೋಗೂಣು. ನೀನೂ ಬಾ ಬೇ, ಒಬ್ಬಾಕೀಗೆ ಕಾಲು ಏಳವಲ್ಲವು.”

ಮರುದಿನ ಆಟೋ ಇಳಿದು ಕ್ಯಾಂಪಿನ ಬೀದಿಯಲ್ಲಿ ಮೌಸುಮಿಯವರ ಮಂಡಲ್ ಮನೆ ಎಲ್ಲಿ ಎಂದು ಕೇಳಿದರು. ಮೌಸುಮಿಯ ಅಜ್ಜಿ ಸರಲಾ ಅಂಗಳದಲ್ಲಿ ಕೂತಿದ್ದಳು. ಚಿಕ್ಕ ಹುಡುಗಿಯಾಗಿ ಗಡಿ ದಾಟಿ ಈ ಸೀಮೆಗೆ ಬಂದವಳು, ಈಗ ಅವಳ ಕನ್ನಡ ಸಿಂಧನೂರಿನದೇ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೀನು ನೋಡಾಕ ಟೀಚರಮ್ಮಾರು ಬಂದಾರಂತ! ಬರ್ರಿ ಬರ್ರಿ, ಈಗ ಗದ್ದಿ ಕಾಲುವಿಯಿಂದ ಬಂದೈತಿ.” ಮೌಸುಮಿ ಬಾಗಿಲ ಹಿಂದೆ ನಿಂತು ಒಂದು ಕಣ್ಣಿಂದ ನೋಡುತ್ತಿದ್ದಳು. ಹೊರಗೆ ಬರಲಿಲ್ಲ.

ಸರಲಾ ಈಳಿಗೆ ಹಾಕಿಕೊಂಡು ಕೂತಳು. ನಮ್ಮ ಈಳಿಗೆಯಂಥದ್ದೇ, ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದಿದ್ದಳು. ಮೀನು ಎತ್ತಿ ಹೆರೆಯತೊಡಗಿದಾಗ ಹೊಳೆಯುವ ಹುರುಪೆಗಳು ಅಂಗಳದ ತುಂಬ ಹಾರಿದವು. ವಾಸನೆ ಗಪ್ಪನೆ ಬಂದು ಕಸ್ತೂರೆಮ್ಮನಿಗೆ ಬಡಿಯಿತು. ಕೈ ತನ್ನಷ್ಟಕ್ಕೆ ಸೆರಗು ಹಿಡಿದು ಮೂಗಿನ ಕಡೆ ಹೋಯಿತು. ಅಷ್ಟರಲ್ಲಿ ಬಾಗಿಲ ಸಂದಿಯ ಆ ಒಂದು ಕಣ್ಣು ಕಂಡಿತು. ತರಗತಿಯ ಪೋರಿಯರು ಮಾಡುವುದೂ ಇದನ್ನೇ ಅಲ್ಲವೇ! ಸೆರಗು ಬಿಟ್ಟಳು. ಉಸಿರು ಬಿಗಿಹಿಡಿದು, ಆಮೇಲೆ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತಳು. ಜೀವಮಾನದಲ್ಲಿ ಮೊದಲನೇ ಸಲ.

ಸರಲಾ ಕೈ ತೊಳೆದು ಬಂದು ಒಂದು ಲೋಟ ನೀರು ಮುಂದಿಟ್ಟಳು. ಹೊಸ ಲೋಟ, ಅಂಗಡಿಯ ಚೀಟಿ ಇನ್ನೂ ಅರ್ಧ ಅಂಟಿಕೊಂಡಿತ್ತು. “ನಮ್ಮ ಭಾಂಡೆ ನಿಮಗ ಆಗಂಗಿಲ್ಲ, ನಂಗ ಗೊತ್ತೈತ್ರಿ ಅಮ್ಮಾರ. ಟೀಚರು ಬರ್ತಾರ ಬರ್ತಾರ ಅಂತ ಈ ಹುಡುಗಿ ವರ್ಷದಿಂದ ಹೇಳಾಕತ್ತಿತ್ತು. ಅದಕ್ಕ ನಿಮಗಂತ ತಂದಿಟ್ಟೀನಿ. ಇದಕ್ಕ ಮೀನು ಮುಟ್ಟಿಲ್ಲ.”

ವರ್ಷದಿಂದ ತನ್ನ ದಾರಿ ಕಾಯುತ್ತಿದ್ದ ಆ ಲೋಟವನ್ನು ಕಸ್ತೂರೆಮ್ಮ ನೋಡಿದಳು. ತನ್ನ ಮನೆಯ ಕಿಟಕಿಯ ಮೇಲಿನ ಇನ್ನೊಂದು ಲೋಟ ನೆನಪಾಯಿತು. ಎತ್ತಿ ಪೂರ್ತಿ ಕುಡಿದಳು. ಮಾಬುಬೀ ಎಲ್ಲೋ ನೋಡುವವಳಂತೆ ಮುಖ ತಿರುಗಿಸಿದಳು.

ಆಮೇಲೆ ಜೊತೆಗೆ ತಂದಿದ್ದ ಪುಸ್ತಕದ ಅಡುಗೆಮನೆಯ ಪುಟ ತೆರೆದು, ಬಣ್ಣದ ಪೆನ್ಸಿಲಲ್ಲಿ ಮೀನು ಬರೆದಳು. ಮೈ ಬರೆದಳು, ಬಾಲ ಬರೆದಳು, ದೊಡ್ಡ ಕಣ್ಣು ಬರೆದು ಅದಕ್ಕೆ ಚೆಂದ ಕಾಣಲೆಂದು ಸಾಲಾಗಿ ರೆಪ್ಪೆಯನ್ನೂ ಬರೆದಳು. ಬೆನ್ನ ಹಿಂದೆ ಕಿಸಕ್ಕೆಂದು ಸದ್ದಾಯಿತು. ತಿರುಗಿ ನೋಡಿದರೆ ಮೌಸುಮಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ.

“ಅಜ್ಜೀ, ಮೀನಿಗೆ ರೆಪ್ಪಿ ಇರಂಗಿಲ್ಲ!”

“ಹೌದೇನು? ಮತ್ತ ಮಲಕೊಳ್ಳೂದು ಹ್ಯಾಂಗದು?”

“ಕಣ್ಣ ತಕ್ಕೊಂಡ ಮಲಕೊಂತೈತಿ! ಇಷ್ಟೂ ಗೊತ್ತಿಲ್ಲ ನಿನಗ!” ಎಂದು ಪೆನ್ಸಿಲು ಕಸಿದುಕೊಂಡು ಅಜ್ಜಿಯ ತೊಡೆಗೆ ತೊಡೆ ಹಚ್ಚಿ ಕೂತಳು. ಕಸ್ತೂರೆಮ್ಮನಿಗೆ ಹೋದ ಜೀವ ಬಂದಂತಾಯಿತು.

ಶುಕ್ರವಾರ ನಾಲ್ಕೂವರೆಗೆ ಬಾಗಿಲಲ್ಲಿ ಮತ್ತೆ “ಅಜ್ಜೀ, ನೀರು!” ಕೇಳಿಸಿತು. ಕಸ್ತೂರೆಮ್ಮ ಅವಸರದಲ್ಲಿ ಎದ್ದು, ಕೈ ರೂಢಿಯಂತೆ ಕಿಟಕಿಗೇ ಹೋಗಿ, ಅದೇ ಲೋಟದಲ್ಲಿ ನೀರು ಕೊಟ್ಟಳು. ಕೊಟ್ಟ ಮೇಲೆ ಛೇ ಅನ್ನಿಸಿತು. ನಾಳೆ ತೆಗೆದಿಟ್ಟರಾಯಿತು ಎಂದುಕೊಂಡಳು. ನಾಳೆ, ನಾಳೆ ಎಂದು ಲೋಟ ಅಲ್ಲೇ ಉಳಿಯಿತು. ಅವ್ವನ ಕಾಲದಿಂದ ಅಂಟಿದ್ದು ಒಂದು ಲೋಟ ನೀರಿಗೆ ಹೋಗುತ್ತದೆಯೇ?

ಮೌಸುಮಿಗೆ ಈಗ ಹೊಸ ಹುರುಪು. “ಅಜ್ಜಿ, ನಿಮ್ಮ ಮನಿ ಪುಸ್ತಕ ಯಾಕಿಲ್ಲ? ನಾ ಬರೀತೀನಿ. ನೀ ಸುಮ್ಮನ ಕುಂದ್ರು, ನಾ ನೋಡಬೇಕು.” ಕಟ್ಟಪ್ಪಣೆ ಮಾಡಿದವಳು ಇಲ್ಲ ಎನ್ನುವುದು ಹೇಗೆ? ಒಂದು ವಾರ ಹುಡುಗಿ ಹಿಂದಿಂದೆ ತಿರುಗಿ ಎಲ್ಲವನ್ನೂ ನೋಡಿದಳು, ಕರಿಬಸಯ್ಯನ ರಟ್ಟಿನಂಥ ಕಾರ್ಡುಗಳ ಮೇಲೆ ಬರೆದಳು. ಯಾರಿಗೂ ತೋರಿಸಲಿಲ್ಲ.

ಭಾನುವಾರ ಓದು. ಪಡಸಾಲೆ ತುಂಬಿತ್ತು. ಮಾಬುಬೀ ದಬ್ಬಣ ಹಿಡಿದು ಹೊಲಿಯಲು ತಯಾರಾಗಿ ಕೂತಿದ್ದಳು. ಮೌಸುಮಿ ಎದ್ದು ನಿಂತು ಒಂದೊಂದೇ ಹಾಳೆ ತೋರಿಸಿ ಓದಿದಳು.

“ಅಜ್ಜಿ ಕೊರಳಾಗ ಬೆಳ್ಳಿ ಡಬ್ಬಿ ಐತಿ. ಅದರಾಗ ದೇವರು ಇರ್ತಾನ. ಅಜ್ಜಿ ಆತನ್ನ ಅಂಗೈ ಮ್ಯಾಲ ಕುಂದ್ರಿಸಿ ಮಾತಾಡ್ತಾಳ. ಆತ ಏನೂ ಅನ್ನಂಗಿಲ್ಲ.”

“ಅಜ್ಜಿ ರೊಟ್ಟಿ ಬಡಿಯೂದು ರಸ್ತಾತನಕ ಕೇಳ್ತೈತಿ.”

“ಅಜ್ಜಿ ಮನ್ಯಾಗ ಮೀನು ಮಾಡಂಗಿಲ್ಲ. ಆದ್ರೂ ಊಟ ರುಚಿ ಇರತೈತಿ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಕಸ್ತೂರೆಮ್ಮನೂ ಕಣ್ಣೀರು ಬರುವಷ್ಟು ನಕ್ಕಳು. ಮೌಸುಮಿ ಮುಂದಿನ ಹಾಳೆ ಎತ್ತಿ ಹಿಡಿದಳು. ಕಿಟಕಿ. ಕಿಟಕಿಯ ಮೇಲೆ ಒಂದೇ ಒಂದು ಲೋಟ. ಸುತ್ತಲೂ ಹಳದಿ ಬಣ್ಣದ ಕಿರಣಗಳನ್ನು ಬರೆದಿದ್ದಳು.

“ಇದು ನನ್ನ ಲೋಟ. ಮನ್ಯಾಗಿನ ಲೋಟ ಎಲ್ಲಾ ಒಂದ ಕಡೆ ಇರ್ತಾವ. ನಂದು ಮಾತ್ರ ಬ್ಯಾರೆ. ಇದರಾಗ ಅಜ್ಜಿನೂ ಕುಡಿಯಂಗಿಲ್ಲ. ಮಾಬುಬೀ ಅವ್ವಗೂ ಒಮ್ಮೊಮ್ಮೆ ಕೊಡ್ತಾಳ, ನಡೀತೈತಿ. ಅಜ್ಜಿಗೆ ನಮ್ಮ ಮ್ಯಾಲ ಅಷ್ಟು ಪ್ರೀತಿ.”

ಮಾಬುಬೀ ತಲೆ ತಗ್ಗಿಸಿ ದಬ್ಬಣಕ್ಕೆ ದಾರ ಪೋಣಿಸತೊಡಗಿದಳು. ದಾರ ಆಗಲೇ ಪೋಣಿಸಿಯಾಗಿತ್ತು.

ಮಕ್ಕಳಿಗೆ ಏನೂ ಗೊತ್ತಾಗಿರಲಿಲ್ಲ. ಕಸ್ತೂರೆಮ್ಮ ಶಾಬಾಶ್ ಎಂದು ಬೆನ್ನು ತಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೀನಿಲ್ಲದ ಅಡುಗೆಮನೆಯ ಪುಸ್ತಕವನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಹೋದ ಹುಡುಗಿ ಇವಳು. ಇವಳೆದುರು ಹೇಗೆ ಸುಮ್ಮನಿರುವುದು? ಕಸ್ತೂರೆಮ್ಮ ಎದ್ದು ಒಳಗೆ ಹೋದಳು. ಕಿಟಕಿಯ ಮೇಲಿನ ಲೋಟ ತೆಗೆದುಕೊಂಡು, ಕೊಡದಿಂದ ನೀರು ತುಂಬಿಕೊಂಡು ಬಂದು, ಎಲ್ಲರೆದುರು ನಿಂತು ಗಟಗಟ ಕುಡಿದಳು.

“ಅಜ್ಜೀ! ಅದು ನಂದು!” ಎಂದು ಮೌಸುಮಿ ಕಿರುಚಿದಳು.

“ಹೌದವ್ವ, ನಿಂದು. ಇಲ್ಲಿ ಬಾ.” ಕಸ್ತೂರೆಮ್ಮ ಅವಳನ್ನು ಮುಂದೆ ಕೂಡಿಸಿಕೊಂಡಳು. “ನೀ ಎಲ್ಲಾ ಖರೇನ ಬರ್ದೀ. ಕಡೀ ಸಾಲು ಒಂದು ತಪ್ಪೈತಿ. ಈ ಲೋಟ ಬ್ಯಾರೆ ಇಟ್ಟಿದ್ದು ಪ್ರೀತಿಲೆ ಅಲ್ಲ. ನೀವು ಮೀನು ಮಾಂಸ ತಿಂತೀರಿ ಅಂತ ಇಟ್ಟಿದ್ದೆ. ನಿಮ್ಮ ಬಾಯಿ ಹತ್ತಿದ್ದು ನನ್ನ ಲೋಟದಾಗ ಕೂಡಬಾರ್ದಂತ. ತಪ್ಪು ನಂದು. ಮಾಬು, ನಿನಗೂ ಹೇಳಾಕತ್ತೀನಿ. ಆ ಸಾಲು ಅಳಸಿಬಿಡು ಕೂಸ, ಅದು ಸುಳ್ಳು.”

ಮೌಸುಮಿ ಲೋಟ ನೋಡಿದಳು, ಅಜ್ಜಿಯ ಮುಖ ನೋಡಿದಳು. ಅವಳ ಕೆಳತುಟಿ ಒಂದು ಸಲ ಅದುರಿತು. ಕಸ್ತೂರೆಮ್ಮ ಆ ತುಟಿಯನ್ನೇ ನೋಡುತ್ತ ಕೂತಳು. ಹುಡುಗಿ ಎದ್ದು ಮತ್ತೆ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಆ ಚಪ್ಪಲಿಗಳ ನಡುವೆಯೇ ಹೋಗಿ ಕೂತರೆ ತಾನೇನು ಮಾಡಬಲ್ಲೆ ಎಂದು ಹೆದರಿದಳು.

ಮೌಸುಮಿ ಹಾಳೆಯನ್ನು ಹತ್ತಿರ ಹಿಡಿದು ಆ ಸಾಲಿನ ಮೇಲೆ ಬೆರಳು ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು.

“ಅಳಸಾಕ ಬರಂಗಿಲ್ಲ ಅಜ್ಜಿ,” ಎಂದಳು. “ನಾ ಪೆನ್ನಿಲೆ ಬರ್ದೀನಿ.”

ಕಸ್ತೂರೆಮ್ಮ ಅವಳನ್ನು ಬಾಚಿ ತಬ್ಬಿಕೊಂಡು, ಮಕ್ಕಳೆಲ್ಲ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅತ್ತಳು. ಮಾಬುಬೀ ಹಾಳೆಗಳನ್ನು ಜೋಡಿಸಿ, ಲೋಟದ ಪುಟವನ್ನೂ ನಡುವೆ ಇಟ್ಟು, ಗಟ್ಟಿಯಾಗಿ ಹೊಲಿದಳು. ಹದಿಮೂರನೇ ಪುಸ್ತಕ ಈಗಲೂ ಪಡಸಾಲೆಯಲ್ಲಿದೆ, ಸಾಲು ಹಾಗೇ ಇದೆ. ಅವತ್ತು ಸಂಜೆ ನೆರೆಯವರಿಬ್ಬರೂ ಚಹಾ ಕುಡಿದದ್ದು ಮಾಬುಬೀಯ ಅಡುಗೆಮನೆಯಲ್ಲಿ.